ಹೇಳಿದ ಮಾತು ಕೆಲಸಕ್ಕೆ ಮರಳುವ ಬಗೆ: ಹಿಮ್ಮಾಹಿತಿ ಎಂದರೇನು, ಅದನ್ನು ಕೊಡುವುದು ಮತ್ತು ಪಡೆಯುವುದು ಹೇಗೆ?

ಬಾಗಲಕೋಟೆಯ ನವನಗರದಲ್ಲಿ ಬಿ.ಇಡಿ. ಪ್ರಶಿಕ್ಷಣಾರ್ಥಿಗಳ ಸೂಕ್ಷ್ಮ ಬೋಧನೆಯ, ಎಂದರೆ ಕೆಲವೇ ನಿಮಿಷಗಳ ಪಾಠದಲ್ಲಿ ಬೋಧನೆಯ ಒಂದೊಂದೇ ಕೌಶಲವನ್ನು ರೂಢಿಸಿಕೊಳ್ಳುವ, ಅಭ್ಯಾಸ ನಡೆದಿತ್ತು. ಮುಂದೆ ಶಿಕ್ಷಕಿಯಾಗಲಿರುವ ತರುಣಿಯೊಬ್ಬಳು ಆರು ನಿಮಿಷಗಳಲ್ಲಿ ಎಲೆಯ ಭಾಗಗಳನ್ನು ಪಾಠ ಮಾಡಬೇಕಿತ್ತು; ಅವಳ ಸಹಪಾಠಿಗಳೇ ಶಾಲೆಯ ಮಕ್ಕಳಂತೆ ಬೆಂಚುಗಳ ಮೇಲೆ ಕುಳಿತಿದ್ದರು. ಅಂದು ಅಭ್ಯಾಸ ಮಾಡಬೇಕಾಗಿದ್ದ ಕೌಶಲ ಪ್ರಶ್ನೆ ಕೇಳುವುದು. ಪಾಠ ಮುಗಿದ ಮೇಲೆ ಮೊದಲ ವೀಕ್ಷಕ "ಛಲೋ ಆತು ಬಿಡ್ರಿ" ಎಂದ. ಎರಡನೆಯವಳು "ಇನ್ನೂ ಸ್ವಲ್ಪ ಧೈರ್ಯ ಬೇಕಿತ್ತು" ಎಂದಳು. ಮೂರನೆಯವನು ತನ್ನ ಕೈಯಲ್ಲಿದ್ದ ಹಾಳೆಯನ್ನು ನೋಡಿಕೊಂಡು ಹೇಳಿದ: "ಅಕ್ಕಾ, ನೀವು ಹನ್ನೊಂದು ಪ್ರಶ್ನೆ ಕೇಳಿದ್ರಿ. ಅದರಾಗ ಒಂಬತ್ತಕ್ಕ ಹೌದು, ಇಲ್ಲಾ ಅಲ್ಲ ಅಂದ್ರ ಮುಗೀತಿತ್ತು. 'ಎಲೆ ಹಸರ ಇರ್ತೈತಿ, ಹೌದಲ್ಲೋ?' ಅಂತ ಕೇಳಿದಾಗ ನಾವೆಲ್ಲಾರೂ ಕೂಡೇ ಹೌದು ಅಂದ್ವಿ. ಯಾರಿಗೆ ತಿಳದೈತಿ, ಯಾರಿಗೆ ಇಲ್ಲ ಅನ್ನೂದು ನಿಮಗ ಗೊತ್ತಾಗಲಿಲ್ಲ."

ತರುಣಿ ಮೂವರಿಗೂ ತಲೆಯಾಡಿಸಿದಳು, ಆದರೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು ಮೂರನೆಯ ಮಾತನ್ನು ಮಾತ್ರ. ಮೊದಲನೆಯದು ಮನಸ್ಸಿಗೆ ಹಿತವಾಗಿತ್ತು, ಎರಡನೆಯದು ಚುಚ್ಚಿತು. ಅವೆರಡರಿಂದಲೂ ಮುಂದಿನ ಪಾಠದಲ್ಲಿ ಏನು ಮಾಡಬೇಕೆಂಬುದು ತಿಳಿಯುತ್ತಿರಲಿಲ್ಲ.

ಮೂರನೆಯವನು ಕೊಟ್ಟದ್ದನ್ನು ಶಿಕ್ಷಣಶಾಸ್ತ್ರದ ಪುಸ್ತಕಗಳಲ್ಲಿ ಹಿಮ್ಮಾಹಿತಿ ಎನ್ನುತ್ತಾರೆ; ಕಚೇರಿಗಳಲ್ಲಿ ಮತ್ತು ಮಾತಿನಲ್ಲಿ ಎಲ್ಲರೂ ಬಳಸುವ ಪದ ಫೀಡ್‌ಬ್ಯಾಕ್. ಇದುವರೆಗೆ ಇದು ಶಿಕ್ಷಕರ ತರಬೇತಿಯಲ್ಲಿಯೂ ದೊಡ್ಡ ಕಂಪನಿಗಳಲ್ಲಿಯೂ ಮಾತ್ರ ಕೇಳಿಬರುತ್ತಿದ್ದ ಪದವಾಗಿತ್ತು. ಈಗ ಹಾಗಿಲ್ಲ. 2019ರಲ್ಲಿ ವೈದ್ಯಕೀಯ ಶಿಕ್ಷಣಕ್ಕೆ ಬಂದ ಸಾಮರ್ಥ್ಯಾಧಾರಿತ ಪಠ್ಯಕ್ರಮವು ವಿದ್ಯಾರ್ಥಿಗೆ ಆಗಾಗ ಹಿಮ್ಮಾಹಿತಿ ಕೊಡುವುದನ್ನು ಬೋಧನೆಯ ಭಾಗವಾಗಿಸಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮಗುವಿನ ಪ್ರಗತಿ ಪತ್ರದಲ್ಲಿ ಶಿಕ್ಷಕರ ಮಾತಿನ ಜೊತೆಗೆ ಮಗು ತನ್ನ ಬಗ್ಗೆ ಮಾಡಿಕೊಂಡ ಅಂದಾಜನ್ನೂ ಸಹಪಾಠಿಗಳ ಅಂದಾಜನ್ನೂ ಸೇರಿಸಬೇಕೆಂದು ಹೇಳುತ್ತದೆ. ಕಾಲೇಜುಗಳಿಗೆ ಮಾನ್ಯತೆ ನೀಡುವ ನ್ಯಾಕ್ ಸಂಸ್ಥೆಯು ವಿದ್ಯಾರ್ಥಿಗಳಿಂದ ಅಭಿಪ್ರಾಯ ಸಂಗ್ರಹಿಸಿದ್ದೀರಾ ಎಂದು ಕೇಳುವುದಲ್ಲದೆ, ಸಂಗ್ರಹಿಸಿದ್ದರ ಮೇಲೆ ಏನು ಕ್ರಮ ಕೈಗೊಂಡಿರಿ ಎಂದೂ ಕೇಳುತ್ತದೆ. ಹೀಗಾಗಿ ಹತ್ತು ವರ್ಷದ ಮಗುವಿನಿಂದ ಹಿಡಿದು ಮೂವತ್ತು ವರ್ಷ ಪಾಠ ಮಾಡಿದ ಪ್ರಾಧ್ಯಾಪಕರವರೆಗೆ ಎಲ್ಲರೂ ಒಬ್ಬರ ಕೆಲಸದ ಬಗ್ಗೆ ಇನ್ನೊಬ್ಬರು ಹೇಳಬೇಕಾದ, ಕೇಳಬೇಕಾದ ಸಂದರ್ಭಕ್ಕೆ ಬಂದಿದ್ದಾರೆ. ಹೇಗೆ ಹೇಳಬೇಕು, ಹೇಗೆ ಕೇಳಿಸಿಕೊಳ್ಳಬೇಕು ಎಂಬುದನ್ನು ಮಾತ್ರ ಬಹುತೇಕರಿಗೆ ಯಾರೂ ಕಲಿಸಿಲ್ಲ.

ಪದ ಬಂದದ್ದು ಯಂತ್ರದಿಂದ

ಫೀಡ್‌ಬ್ಯಾಕ್ ಎಂಬುದು ಮೊದಲು ಮನುಷ್ಯರ ಮಾತಿಗೆ ಸಂಬಂಧಿಸಿದ ಪದವಾಗಿರಲಿಲ್ಲ. ಅದರ ಹಿಂದಿನ ತತ್ವವನ್ನು ತಿಳಿಯಲು ಹೊಲದ ಡೀಸೆಲ್ ಇಂಜಿನ್ನನ್ನು ನೆನಪಿಸಿಕೊಂಡರೆ ಸಾಕು. ಅದರೊಳಗೆ ಗವರ್ನರ್ ಎಂಬ ಭಾಗವಿರುತ್ತದೆ. ಇಂಜಿನ್ನಿನ ವೇಗ ಹೆಚ್ಚಿದಂತೆ ಗವರ್ನರಿನಲ್ಲಿ ತಿರುಗುವ ತೂಕದ ತುಂಡುಗಳು ಹೊರಕ್ಕೆ ಸರಿಯುತ್ತವೆ, ಹಾಗೆ ಸರಿದಾಗ ಎಣ್ಣೆಯ ಪೂರೈಕೆ ಕಡಿಮೆಯಾಗುತ್ತದೆ, ವೇಗ ಇಳಿಯುತ್ತದೆ. ವೇಗ ತೀರ ಇಳಿದರೆ ತುಂಡುಗಳು ಒಳಕ್ಕೆ ಬಂದು ಎಣ್ಣೆ ಮತ್ತೆ ಹೆಚ್ಚು ಹರಿಯುತ್ತದೆ. ಜೇಮ್ಸ್ ವಾಟ್ 1788ರಲ್ಲಿ ಉಗಿಯಂತ್ರಕ್ಕೆ ಅಳವಡಿಸಿದ ಗವರ್ನರ್ ಇದೇ ಬಗೆಯದು. ಇಲ್ಲಿ ಇಂಜಿನ್ ಮಾಡಿದ ಕೆಲಸದ ಸುದ್ದಿಯೇ ಇಂಜಿನ್ನಿಗೆ ಮರಳಿ ಬಂದು, ಅದರ ಮುಂದಿನ ಕೆಲಸವನ್ನು ತಿದ್ದುತ್ತದೆ. ಇಡೀ ಪರಿಕಲ್ಪನೆ ಇಷ್ಟೇ.

ಜಾತ್ರೆಯ ವೇದಿಕೆಯಲ್ಲಿ ಮೈಕನ್ನು ಸ್ಪೀಕರಿನ ಹತ್ತಿರ ಒಯ್ದಾಗ ಕೇಳಿಬರುವ ಕಿವಿಗಡಚಿಕ್ಕುವ ಶಬ್ದವೂ ಹಿಮ್ಮಾಹಿತಿಯೇ. ಅಲ್ಲಿ ಸ್ಪೀಕರಿನ ದನಿ ಮೈಕಿಗೆ ಮರಳಿ ಸೇರಿ, ಮತ್ತಷ್ಟು ಹೆಚ್ಚಾಗಿ ಹೊರಬಂದು, ಮತ್ತೆ ಒಳಹೋಗುತ್ತದೆ. ಇಂಜಿನಿಯರುಗಳು ಹೀಗೆ ಏರುತ್ತಲೇ ಹೋಗುವುದನ್ನು ಪಾಸಿಟಿವ್ ಎಂದೂ, ಗವರ್ನರಿನಂತೆ ತಿದ್ದಿ ಹತೋಟಿಯಲ್ಲಿಡುವುದನ್ನು ನೆಗೆಟಿವ್ ಎಂದೂ ಕರೆಯುತ್ತಾರೆ. ಕಚೇರಿಗಳಲ್ಲಿ "ನೆಗೆಟಿವ್ ಫೀಡ್‌ಬ್ಯಾಕ್ ಬಂತು" ಎಂದು ಮುಖ ಬಾಡಿಸಿಕೊಳ್ಳುವವರಿಗೆ ಮೂಲ ಶಾಸ್ತ್ರದಲ್ಲಿ ಉಪಕಾರಿಯಾದದ್ದು ಅದೇ ಎಂಬುದು ಸ್ವಲ್ಪ ಸಮಾಧಾನ ತರಬಹುದು.

ಪದವು ಮನುಷ್ಯರ ನಡವಳಿಕೆಗೆ ದಾಟಿದ್ದು ಎರಡನೆಯ ಮಹಾಯುದ್ಧದ ನಂತರ. 1946ರ ಬೇಸಿಗೆಯಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಒಂದು ಕಾರ್ಯಾಗಾರ ನಡೆಸುತ್ತಿದ್ದರು. ಹಗಲಿನ ಗುಂಪು ಚರ್ಚೆಗಳಲ್ಲಿ ಯಾರು ಹೇಗೆ ನಡೆದುಕೊಂಡರು ಎಂಬುದನ್ನು ಸಿಬ್ಬಂದಿ ಸಂಜೆ ಕುಳಿತು ಪರಿಶೀಲಿಸುತ್ತಿದ್ದರು. ಒಂದು ಸಂಜೆ ಭಾಗವಹಿಸಿದವರಲ್ಲಿ ಕೆಲವರು ತಾವೂ ಕೇಳುತ್ತೇವೆ ಎಂದು ಬಂದು ಕುಳಿತರು. ತಮ್ಮ ಬಗ್ಗೆ ಹೇಳಿದ್ದನ್ನು ಕೆಲವರು ಒಪ್ಪಲಿಲ್ಲ, ವಾದ ನಡೆಯಿತು. ಆದರೆ ಹಗಲಿನ ಪಾಠಕ್ಕಿಂತ ಹೆಚ್ಚಿನ ಕಲಿಕೆ ಆ ಮಾತುಕತೆಯಲ್ಲಿ ಆಗುತ್ತಿದೆ ಎಂಬುದು ಲೆವಿನ್ನರ ತಂಡಕ್ಕೆ ಕಂಡಿತು. ಮುಂದೆ ಇಂಥ ತರಬೇತಿಗಳಲ್ಲಿ ಯಂತ್ರಶಾಸ್ತ್ರದ ಈ ಪದವೇ ನೆಲೆಯೂರಿತು.

ಆ ತರುಣಿ ಮಾಡಿದ ಸೂಕ್ಷ್ಮ ಬೋಧನೆಯ ಪದ್ಧತಿಯು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1960ರ ದಶಕದ ಮೊದಲ ಭಾಗದಲ್ಲಿ ಡ್ವೈಟ್ ಆಲೆನ್ ಮತ್ತು ಸಂಗಡಿಗರಿಂದ ರೂಪುಗೊಂಡಿತು. ನಮ್ಮ ಬಿ.ಇಡಿ. ತರಗತಿಗಳಲ್ಲಿ ಅದರ ಚಕ್ರ 36 ನಿಮಿಷಗಳದು: 6 ನಿಮಿಷ ಬೋಧನೆ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ, 6 ನಿಮಿಷ ಮರುಬೋಧನೆ, 6 ನಿಮಿಷ ಮತ್ತೆ ಹಿಮ್ಮಾಹಿತಿ. ಈ ಲೆಕ್ಕವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುವವರು ಬಹಳ, ಅದರ ಅರ್ಥವನ್ನು ಗಮನಿಸುವವರು ಕಡಿಮೆ. ಹೇಳಿಸಿಕೊಂಡದ್ದಕ್ಕಿಂತ ಎರಡು ಪಟ್ಟು ಸಮಯ ಯೋಚಿಸಲು ಇದೆ, ಯೋಚಿಸಿದ್ದನ್ನು ಮಾಡಿ ನೋಡಲು ಮತ್ತೊಂದು ಪಾಠವಿದೆ. ಮರುಬೋಧನೆಯನ್ನು ಕಿತ್ತುಹಾಕಿದರೆ ಆ 6 ನಿಮಿಷಗಳ ಮಾತು ಹಿಮ್ಮಾಹಿತಿಯಾಗಿ ಉಳಿಯುವುದಿಲ್ಲ, ತೀರ್ಪಾಗುತ್ತದೆ.

ಹೊಗಳಿಕೆ, ಟೀಕೆ, ಅಂಕ

ಒಬ್ಬರ ಕೆಲಸದ ಬಗ್ಗೆ ಹೇಳುವ ಎಲ್ಲ ಮಾತೂ ಒಂದೇ ಜಾತಿಯದಲ್ಲ. ಮೆಚ್ಚುಗೆಯು "ನೀನು ಮಾಡಿದ್ದನ್ನು ನಾನು ನೋಡಿದ್ದೇನೆ" ಎಂದು ತಿಳಿಸುತ್ತದೆ. ಅದರಿಂದ ಮನುಷ್ಯನಿಗೆ ಮುಂದುವರಿಯುವ ಹುಮ್ಮಸ್ಸು ಬರುತ್ತದೆ. ಮೌಲ್ಯಮಾಪನವು "ನೀನು ಎಲ್ಲಿದ್ದೀ" ಎಂದು ಹೇಳುತ್ತದೆ. ಅಂಕ, ರ‍್ಯಾಂಕ್, ಇನ್‌ಕ್ರಿಮೆಂಟ್ ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಮಾರ್ಗದರ್ಶನವು "ಮುಂದಿನ ಸಲ ಹೀಗೆ ಮಾಡಿ ನೋಡು" ಎನ್ನುತ್ತದೆ. ಮೂರೂ ಬೇಕಾದವೇ. ತೊಡಕು ಬರುವುದು ಒಂದನ್ನು ನಿರೀಕ್ಷಿಸಿದವರಿಗೆ ಇನ್ನೊಂದು ಸಿಕ್ಕಾಗ, ಅಥವಾ ಮೂರನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಕೊಟ್ಟಾಗ. ಮಗಳು ಚಿತ್ರ ಬರೆದು ತಂದು ತೋರಿಸುವುದು ಬಹುಶಃ ಮೆಚ್ಚುಗೆಗಾಗಿ. ಅಪ್ಪ ಆಗಲೇ ಆಕಳ ಕಾಲು ಗಿಡ್ಡವಾಗಿದೆ ಎಂದು ತೋರಿಸಿದರೆ ಮಾತು ನಿಜವಾಗಿದ್ದರೂ ಹೊತ್ತು ತಪ್ಪಿದೆ.

ಅಂಕ ಮತ್ತು ಟಿಪ್ಪಣಿಯನ್ನು ಕಲಸಿದರೆ ಏನಾಗುತ್ತದೆ ಎಂಬುದನ್ನು ಇಸ್ರೇಲಿನ ಸಂಶೋಧಕಿ ರೂತ್ ಬಟ್ಲರ್ ಶಾಲಾಮಕ್ಕಳಲ್ಲಿ ಪರೀಕ್ಷಿಸಿ 1988ರಲ್ಲಿ ಪ್ರಕಟಿಸಿದರು. ಕೆಲವು ಮಕ್ಕಳಿಗೆ ಅಂಕ ಮಾತ್ರ, ಕೆಲವರಿಗೆ ಟಿಪ್ಪಣಿ ಮಾತ್ರ, ಇನ್ನು ಕೆಲವರಿಗೆ ಎರಡನ್ನೂ ಕೊಡಲಾಯಿತು. ಟಿಪ್ಪಣಿ ಮಾತ್ರ ಪಡೆದವರ ಕೆಲಸ ಸುಧಾರಿಸಿತು, ಆಸಕ್ತಿಯೂ ಉಳಿಯಿತು. ಎರಡನ್ನೂ ಪಡೆದ ಮಕ್ಕಳಲ್ಲಿ ಟಿಪ್ಪಣಿಯ ಪ್ರಯೋಜನ ಬಹುಮಟ್ಟಿಗೆ ಕಾಣಲಿಲ್ಲ. ಕಿರುಪರೀಕ್ಷೆಯ ಉತ್ತರಪತ್ರಿಕೆ ಕೈಗೆ ಬಂದಾಗ ಮಕ್ಕಳು ಮೇಲಿನ ಮೂಲೆಯ ಅಂಕವನ್ನು ನೋಡಿ, ಪಕ್ಕದವನ ಅಂಕವನ್ನು ಕೇಳಿ, ಹಾಳೆಯನ್ನು ಮಡಚಿ ಚೀಲಕ್ಕೆ ತುರುಕುವುದನ್ನು ಕಂಡ ಶಿಕ್ಷಕರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ವರ್ಷಾಂತ್ಯದಲ್ಲಿ ಇನ್‌ಕ್ರಿಮೆಂಟಿನ ಜೊತೆಗೇ ಹೇಳುವ ಬುದ್ಧಿಮಾತಿನ ಗತಿಯೂ ಇದೇ ಆಗುತ್ತದೆ.

ಕೆಲವು ಮಾತು ಕೆಲಸವನ್ನು ಕೆಡಿಸುವುದು ಏಕೆ

ಹಿಮ್ಮಾಹಿತಿ ಕೊಟ್ಟರೆ ಕೆಲಸ ಸುಧಾರಿಸಿಯೇ ತೀರುತ್ತದೆ ಎಂಬುದು ಬಹುಕಾಲದ ನಂಬಿಕೆ. ಅವ್ರಾಹಂ ಕ್ಲೂಗರ್ ಮತ್ತು ಏಂಜೆಲೊ ಡೆನಿಸಿ ಎಂಬ ಸಂಶೋಧಕರು ಅದುವರೆಗಿನ ಅಧ್ಯಯನಗಳಿಂದ 607 ಫಲಿತಾಂಶಗಳನ್ನು ಒಟ್ಟುಗೂಡಿಸಿ 1996ರಲ್ಲಿ ವಿಶ್ಲೇಷಿಸಿದಾಗ, ಸರಾಸರಿಯಲ್ಲಿ ಸುಧಾರಣೆ ಕಂಡಿತು. ಆದರೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಹಿಮ್ಮಾಹಿತಿಯ ನಂತರ ಕೆಲಸ ಮೊದಲಿಗಿಂತ ಕೆಟ್ಟಿತ್ತು. ಅವರು ಕೊಟ್ಟ ವಿವರಣೆಯ ತಿರುಳು ಇದು: ಮಾತು ಕೇಳುವವರ ಗಮನವನ್ನು ಕೆಲಸದ ಮೇಲೆ ನಿಲ್ಲಿಸಿದರೆ ಉಪಯೋಗ, "ನಾನು ಎಂಥವನು" ಎಂಬ ಕಡೆಗೆ ತಿರುಗಿಸಿದರೆ ಉಪಯೋಗ ಕಡಿಮೆ ಅಥವಾ ಹಾನಿ.

ನಮ್ಮ ಅಡುಗೆಮನೆಯಲ್ಲಿ ಇದನ್ನು ದಿನವೂ ನೋಡಬಹುದು. ಜೋಳದ ಹಿಟ್ಟಿಗೆ ಗೋಧಿಹಿಟ್ಟಿನಂತೆ ತಾನಾಗಿಯೇ ಬರುವ ಜಿಗುಟು ಇಲ್ಲ. ಕುದಿಯುವ ಎಸರು ಹಾಕಿ, ಚೆನ್ನಾಗಿ ನಾದಿದಾಗ ಮಾತ್ರ ಅದಕ್ಕೆ ಜಿಗಿ ಬರುತ್ತದೆ. ಹೊಸದಾಗಿ ರೊಟ್ಟಿ ಬಡಿಯುವ ಹುಡುಗಿಯ ರೊಟ್ಟಿಯ ಅಂಚು ಬಿರಿದು, ನಕಾಶೆಯಂತಾಗುತ್ತದೆ. "ನಿನ್ನ ಕೈಯಾಗ ರೊಟ್ಟಿ ಆಗೂದಿಲ್ಲ ತಗಿ" ಎಂದರೆ ಅವಳ ಗಮನ ಹಿಟ್ಟನ್ನು ಬಿಟ್ಟು ತನ್ನ ಕೈಯ ಮೇಲೆ, ತನ್ನ ಹಣೆಬರಹದ ಮೇಲೆ ಹೋಗುತ್ತದೆ. "ಎಸರು ಆರಿತ್ತು, ಅದಕ್ಕ ಅಂಚು ಹರದಾವ. ಇನ್ನೊಂದೀಟು ನಾದು. ನಡೂವ ಬಡಿಯೂದ ಸಾಕು, ಕೈ ಅಂಚಿಗೆ ಒಯ್ಯಿ" ಎಂದು ಅವ್ವ ಹೇಳಿದರೆ ಗಮನ ಹಿಟ್ಟಿನ ಮೇಲೆಯೇ ಉಳಿಯುತ್ತದೆ. ಮುಂದಿನ ಉಂಡೆ ಅಲ್ಲಿಯೇ ಪಕ್ಕದಲ್ಲಿದೆ, ಹೇಳಿದ್ದು ಸರಿಯೋ ಅಲ್ಲವೋ ಎಂಬುದು ಎರಡು ನಿಮಿಷಗಳಲ್ಲಿ ಹಂಚಿನ ಮೇಲೆ ಗೊತ್ತಾಗುತ್ತದೆ. ಹೊಗಳಿಕೆಗೂ ಇದೇ ಮಾತು ಅನ್ವಯಿಸುತ್ತದೆ: "ನೀ ಭಾಳ ಶ್ಯಾಣ್ಯಾ" ಎಂಬುದು ಮನುಷ್ಯನ ಬಗ್ಗೆ, "ಅಂಚು ಎಲ್ಲಾ ಕಡೆ ಒಂದ ಸಮ ಬಂದೈತಿ" ಎಂಬುದು ಕೆಲಸದ ಬಗ್ಗೆ.

ಕೊಡುವ ಬಗೆ

ಮೊದಲ ಪರೀಕ್ಷೆ ಕಂಡದ್ದಕ್ಕೂ ಕಟ್ಟಿಕೊಂಡದ್ದಕ್ಕೂ ಇರುವ ವ್ಯತ್ಯಾಸದ್ದು. ಹೇಳಬೇಕೆಂದಿರುವ ವಿಷಯ ಮೊಬೈಲಿನ ವೀಡಿಯೊದಲ್ಲಿ ಕಾಣಿಸುತ್ತಿತ್ತೇ ಎಂದು ಕೇಳಿಕೊಂಡರೆ ಸಾಕು. ಸೋಮಾರಿತನ, ಅಹಂಕಾರ, ಅಸಡ್ಡೆ ಇವು ಯಾವ ವೀಡಿಯೊದಲ್ಲಿಯೂ ಕಾಣುವುದಿಲ್ಲ. ಅವು ನೋಡುವವರು ಕಟ್ಟಿಕೊಂಡ ಅರ್ಥಗಳು. ಬೆಳಗಾವಿಯ ಖಡೇಬಜಾರಿನ ಬಟ್ಟೆ ಅಂಗಡಿಯೊಂದರ ಮಾಲೀಕರು ಕೆಲಸದ ಹುಡುಗನಿಗೆ "ನಿನಗ ಗಿರಾಕಿ ಜೋಡಿ ಮಾತಾಡಾಕ ಬರೂದಿಲ್ಲ" ಎಂದರೆ ಹುಡುಗ ಒಂದೋ ಸುಮ್ಮನಾಗುತ್ತಾನೆ, ಇಲ್ಲವೇ ತಾನು ಚೆನ್ನಾಗಿ ಮಾತನಾಡಿದ ಹತ್ತು ಗಿರಾಕಿಗಳನ್ನು ಲೆಕ್ಕ ಹೇಳುತ್ತಾನೆ. ಅದೇ ವಿಷಯವನ್ನು ಹೀಗೆ ಹೇಳಬಹುದು: "ತಮ್ಮಾ, ಮುಂಜಾನೆ ಒಬ್ರು ಅಜ್ಜಿ ಬಂದು ಗುಳೇದಗುಡ್ಡದ ಖಣ ಕೇಳಿದ್ರಲ್ಲ, ಆಗ ನೀ ಫೋನ್ ನೋಡ್ಕೋತ ರೇಟ್ ಹೇಳಿದಿ. ಅವರು ಎರಡು ನಿಮಿಷ ನಿಂತು ಹೊಂಟು ಹೋದ್ರು. ಮುಂದಿನ ಸಲ ಖಣ ಬಿಚ್ಚಿ ಮುಂದ ಇಡು, ಆಮ್ಯಾಲ ರೇಟ್ ಹೇಳು." ಇದರಲ್ಲಿ ಯಾವ ಸಂದರ್ಭ, ಏನು ಮಾಡಿದ್ದು, ಅದರಿಂದ ಏನಾಯಿತು, ಮುಂದೇನು ಎಂಬ ನಾಲ್ಕೂ ಇವೆ. ತರಬೇತಿ ಕೊಡುವವರು ಇದಕ್ಕೆ ನಾನಾ ಹೆಸರಿಟ್ಟಿದ್ದಾರೆ, ಹೆಸರು ನೆನಪಿಡಬೇಕಾಗಿಲ್ಲ. ಮಾತು ವಾದಕ್ಕೆ ತಿರುಗದಿರುವುದು ಮಾತ್ರ ಇದರ ದೊಡ್ಡ ಲಾಭ. ಫೋನ್ ನೋಡಿದ್ದು ನಡೆದ ಸಂಗತಿ, ಅದನ್ನು ಇಬ್ಬರೂ ಕಂಡಿದ್ದಾರೆ.

ಎರಡನೆಯದು ಹೊತ್ತು. ಇಳಕಲ್ಲಿನ ಕುಣಿ ಮಗ್ಗದಲ್ಲಿ ಕುಳಿತ ನೇಕಾರರು ಒಂದು ಎಳೆ ತುಂಡಾದರೆ ಲಾಳಿಯನ್ನು ನಿಲ್ಲಿಸಿ ಅಲ್ಲಿಯೇ ಗಂಟು ಹಾಕುತ್ತಾರೆ. ಸೀರೆ ಮುಗಿಯುವವರೆಗೆ ಕಾದರೆ ತಪ್ಪು ಕಾಣುತ್ತದೆ, ತಿದ್ದಲು ಬರುವುದಿಲ್ಲ. ಮಾತಿಗೂ ಹೀಗೆಯೇ, ಜೂನ್ ತಿಂಗಳ ತಪ್ಪನ್ನು ಮಾರ್ಚ್ ತಿಂಗಳ ಸಭೆಗೆ ಕೂಡಿಟ್ಟು ಹೇಳಿದರೆ ಕೇಳುವವರಿಗೆ ನೆನಪಿಗಿಂತ ಹೆಚ್ಚಾಗಿ ಸಂಶಯ ಬರುತ್ತದೆ. ಆದರೆ ಹೇಳುವವರ ಸಿಟ್ಟು ಇನ್ನೂ ಆರಿಲ್ಲವೆಂದರೆ ಒಂದು ರಾತ್ರಿ ಕಾಯುವುದೇ ಲೇಸು, ಏಕೆಂದರೆ ಸಿಟ್ಟಿನಲ್ಲಿ ಆಡಿದ ಮಾತಿನಲ್ಲಿ ಕೇಳುವವರಿಗೆ ಸಿಟ್ಟೊಂದೇ ಕೇಳಿಸುತ್ತದೆ.

ಎಷ್ಟು ಹೇಳಬೇಕು ಎಂಬುದರಲ್ಲಿ ಕಲಿತವರೇ ಹೆಚ್ಚು ಎಡವುತ್ತಾರೆ. ಪ್ರಬಂಧವೊಂದರಲ್ಲಿ ನಲವತ್ತು ಕಡೆ ಕೆಂಪು ಶಾಯಿ ಹರಿಸಿದ ಶಿಕ್ಷಕರ ಶ್ರಮ ದೊಡ್ಡದು, ಆದರೆ ಮಗು ಮುಂದಿನ ವಾರ ಒಮ್ಮೆಗೆ ಒಂದೆರಡನ್ನು ಮಾತ್ರ ತಿದ್ದಿಕೊಳ್ಳಬಲ್ಲದು. ಯಾವುದನ್ನು ತಿದ್ದಿದರೆ ಉಳಿದವೂ ಅದರ ಹಿಂದೆ ಬರುತ್ತವೆಯೋ ಅದನ್ನು ಆರಿಸುವುದೇ ಹೇಳುವವರ ನಿಜವಾದ ಕೆಲಸ. ಆ ತರುಣಿಯ ಪಾಠದಲ್ಲಿ ಕಪ್ಪುಹಲಗೆಯ ಅಕ್ಷರವೂ ಸೊಟ್ಟಗಿತ್ತು, ದನಿಯೂ ಹಿಂದಿನ ಬೆಂಚಿಗೆ ಮುಟ್ಟುತ್ತಿರಲಿಲ್ಲ. ಮೂರನೆಯ ವೀಕ್ಷಕ ಅವನ್ನು ಬಿಟ್ಟು, ಅಂದು ಕಲಿಯಬೇಕಾಗಿದ್ದ ಪ್ರಶ್ನೆಯೊಂದನ್ನೇ ಹಿಡಿದ.

ಮೊದಲು ಹೊಗಳಿ, ನಡುವೆ ತಪ್ಪು ಹೇಳಿ, ಕೊನೆಗೆ ಮತ್ತೆ ಹೊಗಳಬೇಕು ಎಂಬ ಸೂತ್ರ ಬಹಳ ಪ್ರಚಾರದಲ್ಲಿದೆ. ಒಂದೆರಡು ಸಲ ಅದು ನಡೆಯುತ್ತದೆ. ಆಮೇಲೆ ಕೇಳುವವರು ಹೊಗಳಿಕೆ ಶುರುವಾದ ಕೂಡಲೇ "ಆದರೆ" ಎಂಬ ಪದ ಎಲ್ಲಿ ಬರುತ್ತದೆ ಎಂದು ಕಾಯತೊಡಗುತ್ತಾರೆ, ಹೊಗಳಿಕೆಯೂ ಸುಳ್ಳೆನಿಸುತ್ತದೆ. ಸರಿಯಾದದ್ದನ್ನು ಸರಿಯೆಂದು ಬೇರೆ ಹೊತ್ತಿನಲ್ಲಿ ಆಗಾಗ ಹೇಳುತ್ತಿದ್ದವರಿಗೆ ಇಂಥ ಹೊದಿಕೆಯ ಅಗತ್ಯ ಬೀಳುವುದಿಲ್ಲ. ಮೆಚ್ಚುಗೆಯನ್ನು ನಾಲ್ಕು ಜನರ ಮುಂದೆ ಹೇಳಬಹುದು, ತಿದ್ದುಪಡಿಯನ್ನು ಒಬ್ಬರೇ ಇದ್ದಾಗ ಹೇಳುವುದು ಒಳ್ಳೆಯದು ಎಂಬುದನ್ನು ವಿವರಿಸಬೇಕಾಗಿಲ್ಲ.

ಪಡೆಯುವ ಬಗೆ

ಕೊಡುವುದಕ್ಕಿಂತ ಪಡೆಯುವುದು ಕಷ್ಟ, ಮತ್ತು ಅದನ್ನು ಕಲಿಸುವವರು ಇನ್ನೂ ಕಡಿಮೆ. ಹಾರ್ವರ್ಡ್ ಕಾನೂನು ಶಾಲೆಯ ಬೋಧಕರಾದ ಡಗ್ಲಸ್ ಸ್ಟೋನ್ ಮತ್ತು ಶೀಲಾ ಹೀನ್ ಅವರು ಮಾತು ನಮ್ಮನ್ನು ಕದಡುವ ಬಗೆಗಳನ್ನು ಮೂರಾಗಿ ವಿಂಗಡಿಸಿದ್ದಾರೆ: ಹೇಳಿದ ವಿಷಯವೇ ತಪ್ಪೆನಿಸುವುದು, ಹೇಳಿದ ವ್ಯಕ್ತಿಯ ಕಾರಣದಿಂದ ಮಾತು ಸೇರದಿರುವುದು, ಮತ್ತು ನಮ್ಮ ಬಗ್ಗೆ ನಾವು ಇಟ್ಟುಕೊಂಡ ಚಿತ್ರಕ್ಕೇ ಪೆಟ್ಟು ಬೀಳುವುದು.

ಎರಡನೆಯ ಬಗೆಯನ್ನು ನಾನು ಮೈಮೇಲೆ ಅನುಭವಿಸಿದ್ದೇನೆ. ಪಾಠ ಹೇಳಲು ತೊಡಗಿ ಹಲವು ವರ್ಷಗಳಾದ ಮೇಲೆ ಒಬ್ಬ ವಿದ್ಯಾರ್ಥಿ ತರಗತಿ ಮುಗಿದಾಗ ಬಾಗಿಲ ಬಳಿ ನಿಂತು, "ಸರ, ನೀವು ಬೋರ್ಡ್ ಕಡೆ ಮಾರಿ ಮಾಡಿ ಮಾತಾಡ್ತೀರಿ, ಹಿಂದ ಕುಂತವ್ರಿಗೆ ಕೇಳೂದಿಲ್ರಿ" ಎಂದ. ನನಗೆ ಮೊದಲು ಹೊಳೆದದ್ದು ಅವನು ಹಿಂದಿನ ಪರೀಕ್ಷೆಯಲ್ಲಿ ಪಡೆದ ಅಂಕ. ಅಂಥವನು ನನಗೆ ಹೇಳುತ್ತಾನೆಯೇ ಎಂದು ಮನಸ್ಸು ಗೊಣಗಿತು, ಬಾಯಿ ಮಾತ್ರ "ಆತು ನೋಡೂಣು" ಎಂದಿತು. ಎರಡು ದಿನ ಬಿಟ್ಟು, ಹಿಂದಿನ ಬೆಂಚಿನ ಮೇಲೆ ಮೊಬೈಲಿನ ಧ್ವನಿಮುದ್ರಣ ಚಾಲೂ ಮಾಡಿಟ್ಟು ಪಾಠ ಮಾಡಿದೆ. ಸೂತ್ರ ಬರೆಯುವಾಗಲೆಲ್ಲ ನನ್ನ ದನಿ ಗೋಡೆಗೆ ಹೇಳಿದಂತೆ ಮಸುಕಾಗಿತ್ತು. ಮುಖ್ಯವಾದ ಮಾತುಗಳನ್ನೆಲ್ಲ ನಾನು ಆಡುತ್ತಿದ್ದುದು ಆಗಲೇ. ಹುಡುಗನ ಅಂಕಕ್ಕೂ ಅವನ ಕಿವಿಗೂ ಸಂಬಂಧವಿರಲಿಲ್ಲ.

ತನಗೆ ಕಾಣದ್ದು ಬೇರೆಯವರಿಗೆ ಕಾಣುವ ಈ ಸ್ಥಿತಿಯನ್ನು ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಂ ಎಂಬ ಮನಶ್ಶಾಸ್ತ್ರಜ್ಞರು 1955ರಲ್ಲಿ ನಾಲ್ಕು ಮನೆಗಳ ಒಂದು ಚೌಕವಾಗಿ ತೋರಿಸಿದರು. ನನಗೂ ಇತರರಿಗೂ ಗೊತ್ತಿರುವುದು, ನನಗೆ ಮಾತ್ರ ಗೊತ್ತಿರುವುದು, ಇತರರಿಗೆ ಮಾತ್ರ ಗೊತ್ತಿರುವುದು, ಯಾರಿಗೂ ಗೊತ್ತಿಲ್ಲದ್ದು. ಮೂರನೆಯ ಮನೆಯೇ ಕುರುಡು ಭಾಗ, ಅದರ ಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆ. ಇದಕ್ಕೆ ಜೋಹರಿ ಕಿಟಕಿ ಎಂದು ಹೆಸರು. ನಮ್ಮ ಕಡೆಯವರು ಇದನ್ನು ಹವಳ ಮುತ್ತಿನ ವ್ಯಾಪಾರಿಗೆ ಸಂಬಂಧಿಸಿದ ಹೆಸರೆಂದು ಭಾವಿಸುವುದುಂಟು. ಜೋ ಮತ್ತು ಹ್ಯಾರಿ ಎಂಬ ಎರಡು ಹೆಸರುಗಳನ್ನು ಕೂಡಿಸಿದ್ದಷ್ಟೇ.

ಮಾತು ಕೇಳಿದ ಕೂಡಲೇ ಒಪ್ಪಬೇಕಾಗಿಲ್ಲ, ಅಲ್ಲಗಳೆಯಬೇಕಾಗಿಯೂ ಇಲ್ಲ. ಆ ಹೊತ್ತಿನಲ್ಲಿ ಮಾಡಬೇಕಾದದ್ದು ಅರ್ಥ ಮಾಡಿಕೊಳ್ಳುವುದೊಂದೇ. "ನಿಮ್ಮ ಕೆಲಸದಾಗ ಶಿಸ್ತು ಇಲ್ಲ" ಎಂದು ಯಾರಾದರೂ ಅಂದರೆ, "ಯಾವ ಕೆಲಸ ನೋಡಿದಾಗ ಹಂಗ ಅನಿಸ್ತ್ರಿ?" ಎಂದು ಕೇಳಬಹುದು. ಈ ಪ್ರಶ್ನೆಯನ್ನು ಕೇಳುವ ದನಿ ಮುಖ್ಯ; ಸವಾಲಿನ ದನಿಯಲ್ಲಿ ಕೇಳಿದರೆ ಜಗಳ, ತಿಳಿಯುವ ದನಿಯಲ್ಲಿ ಕೇಳಿದರೆ ವಿವರ. ಕಾರಣ ಹೇಳುವ ಆತುರವನ್ನು ಸ್ವಲ್ಪ ತಡೆಯಬೇಕಾಗುತ್ತದೆ, ಏಕೆಂದರೆ ಕಾರಣ ನಿಜವಾಗಿದ್ದರೂ ಎದುರಿನವರಿಗೆ ಅದು ಮಾತು ಮುಗಿಸುವ ಸನ್ನೆಯಂತೆ ಕೇಳಿಸುತ್ತದೆ. ಆಮೇಲೆ, ಬೇರೆ ಇಬ್ಬರನ್ನು ಕೇಳಿಯೋ ತಾನೇ ಪರೀಕ್ಷಿಸಿಯೋ, ಹೇಳಿದ್ದರಲ್ಲಿ ಎಷ್ಟು ಹುರುಳಿದೆ ಎಂದು ನೋಡಬಹುದು. ಪರೀಕ್ಷಿಸಿದ ಮೇಲೆ ಬಿಟ್ಟುಬಿಡುವುದಕ್ಕೂ ಅವಕಾಶವಿದೆ.

ಹಿಮ್ಮಾಹಿತಿ ತಾನಾಗಿ ಬರುವುದಿಲ್ಲ, ಕೇಳಿ ಪಡೆಯಬೇಕು ಎಂಬುದು ಇದರ ಇನ್ನೊಂದು ಮುಖ. "ಹೆಂಗಾತ್ರಿ ಪಾಠ?" ಎಂದು ಕೇಳಿದರೆ "ಛಲೋ ಆತ್ರಿ" ಎಂಬ ಉತ್ತರ ನಿಶ್ಚಿತ, ನಮ್ಮ ಭಾಗದಲ್ಲಿ ಅದು ಉತ್ತರಕ್ಕಿಂತ ಹೆಚ್ಚಾಗಿ ಮರ್ಯಾದೆ. ನನ್ನ ಬಿ.ಇಡಿ. ದಿನಗಳ ಪಾಠ ವೀಕ್ಷಣೆಯ ಪುಸ್ತಕದಲ್ಲಿ ಪುಟದಿಂದ ಪುಟಕ್ಕೆ "ಉತ್ತಮ. ಇನ್ನೂ ಸುಧಾರಿಸಬಹುದು" ಎಂಬ ಒಂದೇ ವಾಕ್ಯವಿದೆ, ನಾನೂ ಯಾವ ಪುಟದಲ್ಲಿಯೂ ಏನನ್ನು ಎಂದು ಕೇಳಲಿಲ್ಲ. ಪ್ರಶ್ನೆ ಚಿಕ್ಕದಾದಷ್ಟೂ ಉತ್ತರ ಸಿಗುವುದು ಸುಲಭ: "ಎರಡನೇ ಉದಾಹರಣೆ ಹೇಳುವಾಗ ಎಲ್ಲಿ ತಪ್ಪಿತು?", "ಇದರಾಗ ಒಂದು ಬದಲಿ ಮಾಡೂದಿದ್ರ ಏನ ಮಾಡಬೇಕ್ರಿ?"

ಹಿರಿಯರಿಗೆ ಹೇಳುವಾಗ

ಮೇಲಿನದೆಲ್ಲ ಸರೀಕರ ನಡುವೆ ಸಲೀಸು. ಮಾವನಿಗೆ, ಮುಖ್ಯಗುರುಗಳಿಗೆ, ಮೇಲಧಿಕಾರಿಗೆ ಹೇಳುವಾಗ ನಮ್ಮಲ್ಲಿ ಮಾತು ನೇರವಾಗಿ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಕೆಲಸದಿಂದ ತನಗಾದ ಪರಿಣಾಮವನ್ನು ಹೇಳುವುದು ಇಲ್ಲಿ ಅನುಕೂಲ. "ಲೆಕ್ಕ ತಪ್ಪೈತ್ರಿ" ಎನ್ನುವ ಬದಲು "ಸರ, ಮೂರನೇ ಮೆಟ್ಲಿಂದ ನಾಲ್ಕಕ್ಕ ಹೆಂಗ ಬಂದ್ವಿ ಅನ್ನೂದು ನನಗ ತಿಳೀಲಿಲ್ರಿ" ಎಂದರೆ ವಿಷಯ ತಲುಪುತ್ತದೆ, ತಿದ್ದಿಕೊಳ್ಳುವವರ ಮರ್ಯಾದೆಯೂ ಉಳಿಯುತ್ತದೆ. ಇದು ಅಂಜಿಕೆಯ ಮಾತಲ್ಲ. ಇದರಲ್ಲಿಯೂ ಯಾವ ಜಾಗ ಎಂಬುದು ಖಚಿತವಾಗಿದೆ.

ಹಿಮ್ಮಾಹಿತಿ ಅಲ್ಲದ ಜಾಗಗಳು

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ಕರಗಿದ ಕಬ್ಬಿಣ ಸುರಿಯುವಾಗ ಒಬ್ಬ ಕೈಗವಸಿಲ್ಲದೆ ಹತ್ತಿರ ಬಂದರೆ "ಹಿಂದಕ್ಕ ಸರಿ" ಎಂದು ಕೂಗಬೇಕು. ಅದು ಆಜ್ಞೆ, ಅಲ್ಲಿ ಸಂದರ್ಭ ಮತ್ತು ಪರಿಣಾಮದ ವಿವರಣೆಗೆ ಹೊತ್ತಿಲ್ಲ. ಹಣಕಾಸಿನ ಮೋಸ, ಕಿರುಕುಳ ಇವುಗಳಿಗೆ ಬೇಕಾದದ್ದು ದೂರು ಮತ್ತು ವಿಚಾರಣೆ. ಅವನ್ನು ಸೌಮ್ಯವಾದ ಸಲಹೆಯಾಗಿಸಿದರೆ ತೊಂದರೆಗೊಳಗಾದವರಿಗೆ ಅನ್ಯಾಯವಾಗುತ್ತದೆ.

ಉಳಿದದ್ದು, ತಿದ್ದಲು ಅವಕಾಶವೇ ಇಲ್ಲದ ಸಂದರ್ಭ. ಮದುವೆಯ ಊಟದ ಮೊದಲ ಪಂಗತಿಯಲ್ಲಿ ಕುಳಿತವರು ಸಾರಿಗೆ ಉಪ್ಪು ಕಡಿಮೆಯಾದದ್ದನ್ನು ಎದ್ದ ಕೂಡಲೇ ಅಡುಗೆಯವರ ಕಿವಿಯಲ್ಲಿ ಹೇಳಿದರೆ ಎರಡನೆಯ ಪಂಗತಿಗೆ ಸಾರು ಸರಿಹೋಗುತ್ತದೆ. ಎಂಟು ದಿನ ಬಿಟ್ಟು ಮದುಮಗಳ ತಂದೆ ದಾರಿಯಲ್ಲಿ ಸಿಕ್ಕು "ಊಟ ಹೆಂಗಿತ್ರೀ?" ಎಂದು ಕೇಳಿದಾಗ ಅವರಿಗೆ ಬೇಕಾದದ್ದು ಬೇರೆ. ಆಗ "ಛಲೋ ಆತ್ರಿ" ಎಂಬುದೇ ಸರಿಯಾದ ಉತ್ತರ.